ಜೋಳದ ದಂಟಿಗೆ ಸುತ್ತಿದ ಪ್ರೋಟೀನು

ಮುಂಬಯಿಯಿಂದ ಬರಬೇಕಾದ ವಿಕಿರಣದ ಗಂಧಕದ ಡಬ್ಬಿ ಬಾರದೇ ಹೋಗಬಹುದಿತ್ತು. ಬಂದರೂ ಶನಿವಾರ ಸಂಜೆ ಬಂದು, ಹುಬ್ಬಳ್ಳಿ ಸ್ಟೇಷನ್ನಿನ ಪಾರ್ಸೆಲ್ ಕೋಣೆಯಲ್ಲಿ ಸೋಮವಾರದ ತನಕ ಬೇಯಬಹುದಿತ್ತು. ಯಾರಾದರೂ ಅದನ್ನು ತಲೆಕೆಳಗಾಗಿ ಇಟ್ಟು ಸೋರಿಸಬಹುದಿತ್ತು. ಧಾರವಾಡದಲ್ಲಿ ಕರೆಂಟು ಹೋಗಿ ಯೀಸ್ಟು ಸಾಯಬಹುದಿತ್ತು. ಕರೆಂಟು ಇದ್ದೂ ಯೀಸ್ಟು ಯಾವ ಕಾರಣವೂ ಇಲ್ಲದೆ ಸಾಯಬಹುದಿತ್ತು. ಅವು ಹಾಗೆ ಮಾಡುವುದುಂಟು. ಅಕ್ಷರಗಳನ್ನು ನಕಲು ಮಾಡುವಾಗ ನಾನು ಒಂದು ಸಾಲನ್ನೇ ಹಾರಿಸಿರಬಹುದಿತ್ತು. ನಾನು ನಂಬಿದ್ದ ಅಂಕಿಗಳ ಕೋಷ್ಟಕವನ್ನು ಮಾಡಿದವರೇ ಅದನ್ನು ಹಿಂದಕ್ಕೆ ಪಡೆದು, ಆ ಸುದ್ದಿ ಹಾನಗಲ್ಲಿಗೆ ಇನ್ನೂ ಮುಟ್ಟದೆ ಇರಬಹುದಿತ್ತು. ಗೈಡು ನನ್ನ ಮಾತು ಕೇಳಿ ನಗಬಹುದಿತ್ತು. ನಗದೆ ಸುಮ್ಮನಿರಬಹುದಿತ್ತು, ಅದು ಇನ್ನೂ ಕೆಟ್ಟದ್ದು. ಶಿಗ್ಗಾಂವಿಯಲ್ಲಿ ಬಸ್ಸು ಕೆಟ್ಟು ನಿಲ್ಲಬಹುದಿತ್ತು. ನನಗೇ ಏನಾದರೂ ಆಗಬಹುದಿತ್ತು. ಆ ಬೇಸಿಗೆ ಎಡಭುಜದ ಹತ್ತಿರ ಒಂದು ಚಳಕು ಇತ್ತು, ಡಾಕ್ಟರು ಅದನ್ನು ಗ್ಯಾಸು ಅಂದಿದ್ದರು, ಡಾಕ್ಟರು ತಪ್ಪಿರಬಹುದಿತ್ತು.

ಚಿಂತೆ ಮಾಡುವುದರಲ್ಲಿ ನನಗೆ ಮೊದಲಿನಿಂದಲೂ ಒಂದು ಶಿಸ್ತಿದೆ. ಯಾವುದನ್ನೂ ಬಿಡುವುದಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ನಾನು ಹಾನಗಲ್ಲಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ರಜೆ ಬಂತೆಂದರೆ ಧಾರವಾಡದ ಒಂದು ಪ್ರಯೋಗಾಲಯದ ಕೆಲಸ ಹಚ್ಚಿಕೊಳ್ಳುತ್ತಿದ್ದೆ. ಪ್ರೋಟೀನು ಕೋಶದೊಳಗೆ ತಯಾರಾದ ಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಅದನ್ನು ಕಾಣುವ ಮೊದಲೇ ಹೇಳುವುದು, ಅದೇ ಕೆಲಸ.

ಪ್ರೋಟೀನು ಅಂದರೆ ಒಂದು ಸರ. ಅಮೈನೋ ಆಮ್ಲಗಳೆಂಬ ಇಪ್ಪತ್ತು ಬಗೆಯ ಮಣಿಗಳು ಒಂದಾದ ಮೇಲೊಂದು ಪೋಣಿಸಿಕೊಂಡಿರುತ್ತವೆ. ಕೆಲವು ಮಣಿಗಳಿಗೆ ನೀರಿನ ಸಹವಾಸ ಬೇಕು. ಕೆಲವಕ್ಕೆ ನೀರೆಂದರೆ ಆಗದು, ಎಣ್ಣೆಯಲ್ಲೇ ಸುಖ. ಕೋಶವನ್ನು ಸುತ್ತಿರುವ ಪೊರೆಯೂ ಎಣ್ಣೆಯ ಸ್ವಭಾವದ್ದೇ. ಸರದ ತಲೆಯಲ್ಲಿ ಎಣ್ಣೆಮಣಿಗಳ ಗುಂಪು ಇದ್ದರೆ ಆ ಪ್ರೋಟೀನು ಪೊರೆ ದಾಟಿ ಹೊರಗೆ ಹೊರಟಿದೆ ಎಂದು ತಿಳಿಯಬೇಕು. ದಾಟುವಾಗ ಆ ತಲೆಯನ್ನು ಕೋಶ ಕತ್ತರಿಸಿ ಹಾಕುತ್ತದೆ. ಆದರೆ ಸರದ ನಡುವೆ ಅಂಥದೇ ಇನ್ನೊಂದು ಗುಂಪು ಇದ್ದರೆ ಅದು ಅರ್ಧ ದಾರಿಯಲ್ಲಿ, ಪೊರೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಇಷ್ಟನ್ನೂ ಬರೀ ಮಣಿಗಳ ಸಾಲು, ಮಣಿಗೊಂದು ಅಕ್ಷರದಂತೆ ಬರೆದದ್ದು, ಓದಿ ಹೇಳಬೇಕು. ಜಾತಕ ಬರೆದ ಹಾಗೆ ಅಂತ ಕಾಲೇಜಿನಲ್ಲಿ ಚೇಷ್ಟೆ ಮಾಡುತ್ತಿದ್ದರು. ಜಾತಕ ಬರೆಯುವವರಿಗೆ ದಕ್ಷಿಣೆಯಾದರೂ ಸಿಗುತ್ತದೆ.

ಆ ವರ್ಷದ ಸರ ಯೀಸ್ಟಿನದು, ಬೇಕರಿಯಲ್ಲಿ ಹಿಟ್ಟು ಉಬ್ಬಿಸುತ್ತದಲ್ಲ, ಅದರದು. ಅದರ ಹಿಂದೆ ಬಿದ್ದವಳು ಪ್ರಯೋಗಾಲಯದ ಮುಖ್ಯಸ್ಥರಾದ ಗೈಡಿನ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ ಹಿರೇಕೆರೂರಿನ ಹುಡುಗಿ. ಅವಳ ಅಪ್ಪ ಅಲ್ಲಿಯ ಹತ್ತಿ ಪೇಟೆಯಲ್ಲಿ ಹಮಾಲ. ಮನೆಯಲ್ಲಿ ಹೈಸ್ಕೂಲು ದಾಟಿದವಳು ಇವಳೊಬ್ಬಳೇ. ಫೆಲೋಶಿಪ್ಪು ಆ ಮಳೆಗಾಲಕ್ಕೆ ಮುಗಿಯುವುದಿತ್ತು. ಪ್ರೋಟೀನನ್ನು ಗಾಳ ಹಾಕಿ ಹಿಡಿಯಲು ಒಂದು ಮೊಲದ ರಕ್ತದಿಂದ ತೆಗೆದ ಸೀರಮ್ಮು ಬೇಕಾಗುತ್ತಿತ್ತು. ಆ ಮೊಲ ಯುಗಾದಿಯ ಹೊತ್ತಿಗೆ ತೀರಿಕೊಂಡಿತ್ತು. ಉಳಿದದ್ದು ಒಂದು ಸಲದ ಗಾಳಕ್ಕೆ ಸಾಲುವಷ್ಟು. ಪೊರೆಯಲ್ಲಿ ಹುಡುಕಬೇಕು, ಇಲ್ಲವೇ ಕೋಶದ ಹೊರಗಿನ ದ್ರಾವಣದಲ್ಲಿ ಹುಡುಕಬೇಕು. ಅರ್ಧರ್ಧ ಮಾಡಿದರೆ ಎಕ್ಸರೇ ಫಿಲ್ಮಿನ ಮೇಲೆ ಎರಡೂ ಕಡೆ ಮಸುಕು ಕಲೆ ಬರುತ್ತಿತ್ತು, ಪರೀಕ್ಷಕರು ಅದನ್ನು ಕಲೆ ಅನ್ನುತ್ತಿರಲಿಲ್ಲ, ಕೊಳೆ ಅನ್ನುತ್ತಿದ್ದರು. ಎಲ್ಲಿ ಹುಡುಕಬೇಕೆಂದು ಹೇಳಬೇಕಾದವನು ನಾನು. ನಾನು ತಪ್ಪಿದರೆ ಅವಳು ಬರಿಗೈಯಲ್ಲಿ ಹಿರೇಕೆರೂರಿನ ಬಸ್ಸು ಹತ್ತಬೇಕು.

ಹಾನಗಲ್ಲಿನ ನನ್ನ ಬಾಡಿಗೆ ಕೋಣೆಯಲ್ಲಿ ಗ್ರಾಫ್ ಹಾಳೆಯ ಮೇಲೆ ಕೆಲಸ ಶುರುವಾಯಿತು. ಪ್ರತಿ ಮಣಿಗೂ ಎಣ್ಣೆಯ ಒಲವಿಗೆ ತಕ್ಕಂತೆ ಒಂದು ಅಂಕಿ. ಹತ್ತೊಂಬತ್ತು ಮಣಿಗಳ ಅಂಕಿ ಕೂಡಿಸು, ಸರಾಸರಿ ತೆಗೆ, ಚುಕ್ಕೆ ಇಡು. ಒಂದು ಮಣಿ ಮುಂದಕ್ಕೆ ಸರಿ, ಮತ್ತೆ ಕೂಡಿಸು. ಸರದ ತಲೆಯಲ್ಲಿ ಚೊಕ್ಕ ಗುಡ್ಡವೊಂದು ಎದ್ದಿತು. ಅದರ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ನಡುವೆ ಇನ್ನೊಂದು ಗುಡ್ಡ ಎದ್ದಿತು, ಅದೇ ಕಾಟ. ಪೊರೆಯಲ್ಲಿ ಸಿಕ್ಕಿಕೊಳ್ಳಲು ಗುಡ್ಡ ಇಷ್ಟು ಎತ್ತರ ಇರಬೇಕೆಂದು ಒಂದು ಗೆರೆ ಇರುತ್ತದೆ. ಒಂದು ಕೋಷ್ಟಕದ ಅಂಕಿ ಹಿಡಿದರೆ ಅದು ಗೆರೆ ದಾಟುತ್ತಿತ್ತು, ಅಂದರೆ ಪೊರೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ಕೋಷ್ಟಕ ಹಿಡಿದರೆ ಗೆರೆಯ ಕೆಳಗೇ ನಿಲ್ಲುತ್ತಿತ್ತು, ಅಂದರೆ ಹೊರಗೆ ಹೋಗುತ್ತದೆ. ಎರಡೂ ಕೋಷ್ಟಕಗಳನ್ನು ಮಾಡಿದವರು ದೊಡ್ಡವರು. ನಾನು ಇಬ್ಬರಿಗೂ ಗೌರವ ಕೊಟ್ಟು ಕುಳಿತುಬಿಟ್ಟೆ.

ಕಣ್ಣಿಗೆ ಕಾಣುವ ಹಾಗೆ ಸರವನ್ನು ಒಮ್ಮೆ ಹಾಸಿ ನೋಡಬೇಕು ಅನ್ನಿಸಿತು. ಅದಕ್ಕೆ ಜಾಗ ಬೇಕು. ಸವಣೂರಿನಲ್ಲಿ ಅಕ್ಕನ ಮನೆ ಇದೆ, ಅವಳ ಪಡಸಾಲೆಯಲ್ಲಿ ಎತ್ತಿನ ಗಾಡಿ ತಿರುಗಿಸಬಹುದು. ಹೋಗಿ ಇಳಿದೆ. ಅಕ್ಕನ ಉಗ್ರಾಣದಲ್ಲಿ ಹುಡುಕಿದರೆ ಕಾಳು-ಕಡಿ ಸರಿಯಾಗಿ ಇಪ್ಪತ್ತು ಬಗೆ ಸಿಕ್ಕವು. ಎಣ್ಣೆಮಣಿಗಳಿಗೆ ಎಣ್ಣೆಕಾಳನ್ನೇ ಗೊತ್ತುಮಾಡಿದೆ: ಶೇಂಗಾ, ಕುಸುಬಿ, ಎಳ್ಳು, ಅಗಸಿ, ಔಡಲ. ನೀರಿನವಕ್ಕೆ ಜೋಳ, ಕಡಲೆ, ಹುರುಳಿ ಮುಂತಾದವು. ಮೊಣಕಾಲ ಮೇಲೆ ಕೂತು, ನೆಲದುದ್ದಕ್ಕೂ ಸಾಲಾಗಿ ಇಡುತ್ತ ಹೋದೆ.

ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು. "ಏನ್ ಮಾಡಾಕತ್ತೀಯೋ ತಮ್ಮಾ?"

"ಪ್ರೋಟೀನ್ ಹಾಸಾಕತ್ತೇನಿ."

"ಉಣ್ಣಾಕೋ?"

"ಉಣ್ಣಾಕಲ್ಲ, ನೋಡಾಕ."

"ಕಾಲೇಜಿನ್ಯಾಗ ಪಗಾರ ಕೊಡ್ತಾರಲ್ಲ ಇದಕ್ಕ?" ಅಂದು ಒಳಗೆ ಹೋದಳು.

ಶನಿವಾರ ಬೆಳಿಗ್ಗೆ ಸಾಲು ಮುಗಿಯಿತು. ಡಬ್ಬಿಯ ಸುದ್ದಿ ಕೇಳಲು ಅಂಚೆ ಕಚೇರಿಗೆ ಹೋಗಿ ಧಾರವಾಡಕ್ಕೆ ಟ್ರಂಕ್ ಕಾಲ್ ಹಚ್ಚಿದೆ. ಬಹಳ ಹೊತ್ತು ಕಾದ ಮೇಲೆ ಹಿರೇಕೆರೂರಿನ ಹುಡುಗಿಯ ದನಿ ಬಂತು.

"ಡಬ್ಬಿ ಬಂತ್ರಿ ಸರ್ರ. ಸೋರಿಲ್ಲ."

"ತಲೆಕೆಳಗ ಇಟ್ಟಿದ್ದರೇನು?"

"ಇಲ್ರಿ. ನೀವು ಕೇಳ್ತೀರಂತ ಅದನ್ನೂ ನೋಡೇನಿ."

"ಗೈಡು ಏನಂತಾರ?"

"ನೀವು ಕಳಿಸಿದ ಗ್ರಾಫನ್ಯಾಗ ಗೆರಿ ದಾಟೈತೆಲ್ಲ, ಪೊರಿಯೊಳಗ ಹುಡುಕು ಅಂತಾರ."

"ಒಂದು ಕೋಷ್ಟಕದಾಗ ದಾಟೇತಿ, ಇನ್ನೊಂದರಾಗ ದಾಟಿಲ್ಲ, ತಂಗಿ."

"ಹಂಗಾದ್ರ ಸೋಮವಾರ ಬಂದು ಒಂದ ಮಾತು ಹೇಳ್ರಿ. ಡಬ್ಬಿಯೊಳಗಿನ ವಿಕಿರಣ ದಿನಾ ಕರಗಾಕತ್ತೈತಿ. ಎರಡು ಮಾತು ಹೇಳಬ್ಯಾಡ್ರಿ, ನನ್ನ ಕಡೆ ಒಂದು ಮಾತಿಗೆ ಸಾಲೂವಷ್ಟ ಸೀರಮ್ ಐತಿ."

ಮನೆಗೆ ಬಂದೆ. ಪಡಸಾಲೆ ಸಾರಿಸಿದಂತೆ ಖಾಲಿ. ಗೋಡೆಯ ಬದಿಗೆ ಇಪ್ಪತ್ತು ಬಟ್ಟಲು; ಶೇಂಗಾ ಒಂದರಲ್ಲಿ, ಕುಸುಬಿ ಒಂದರಲ್ಲಿ, ಎಳ್ಳು ಒಂದರಲ್ಲಿ. ಅಕ್ಕ ಮೊರ ಕೆಳಗಿಟ್ಟು ಸೊಂಟ ಹಿಡಿದುಕೊಂಡು ಎದ್ದಳು. ಮುಖದಲ್ಲಿ ಒಂದು ಸಮಾಧಾನ.

"ನಾಳೆ ಶಾವಿಗಿ ಐತಿ, ಪಡಸಾಲಿ ಬೇಕು. ಹಂಗ ಗುಡಿಸಿ ಚೆಲ್ಲಿದ್ರ ಪಾಪ, ಕಾಳು. ಅದಕ್ಕ ಕುಂತು ಒಂದೊಂದ ಆರಿಸಿ ಹಸನ ಮಾಡಿ ಇಟ್ಟೇನಿ. ಎಳ್ಳು ಆರಸೂದ್ರಾಗ ಕಣ್ಣು ಹೋದ್ವು ನೋಡು."

ಕಲೆತ ಕಾಳು ಕಂಡರೆ ಹಸನು ಮಾಡದೆ ಬಿಡುವ ಹೆಂಗಸು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ನಾನು ಚಿಂತಿಸಿದ್ದ ಅಷ್ಟೂ ಅನಾಹುತಗಳಲ್ಲಿ ಇದು ಇರಲಿಲ್ಲ. ಬಟ್ಟಲುಗಳ ಮುಂದೆ ಕುಳಿತೆ. ನನ್ನ ಮುಖ ನೋಡಿ ಅಕ್ಕನ ಸಮಾಧಾನ ಇಳಿಯಿತು.

"ಸಾಲಿಗೆ ಅರ್ಥ ಇತ್ತೇನೋ?"

"ಸಾಲಿಗೇ ಅರ್ಥ ಇತ್ತು ಅಕ್ಕಾ. ಕಾಳಿಗಲ್ಲ."

ಅವಳು ಸೆರಗಿನ ತುದಿ ತಿರುವಿದಳು. "ಹಂಗಾದ್ರ ನೆನಿ ಹಾಕಿ ಸೂಜಿಲೆ ಪೋಣಿಸಿ ಕೊಡ್ತೇನಿ. ಸರಾ ಆದ್ರ ಯಾರೂ ಹಸನ ಮಾಡಂಗಿಲ್ಲ."

ಇಡೀ ಪ್ರೋಟೀನನ್ನು ಪೋಣಿಸುವುದು ಆಗದ ಮಾತು. ಬೇಕಾದದ್ದು ಎರಡೇ ತುಂಡು: ತಲೆ, ಮತ್ತು ಅನುಮಾನದ ನಡುಭಾಗ. ಎಳ್ಳಿಗೆ ಸೂಜಿ ಹಾಕಲಾಗದು, ಹಾಗಾಗಿ ಮೂರೇ ಬಗೆ ಸಾಕೆಂದುಕೊಂಡೆ. ಎಣ್ಣೆಯವೆಲ್ಲ ಶೇಂಗಾ, ನೀರಿನವೆಲ್ಲ ಕಡಲೆ, ಎರಡಕ್ಕೂ ಸೇರದ ಸಣ್ಣವು ಅಲಸಂದಿ. ಆ ರಾತ್ರಿ ಮೂರೂ ನೆನೆದವು.

ಭಾನುವಾರ ಪಡಸಾಲೆ ತುಂಬ ಓಣಿಯ ಹೆಂಗಸರು. ಶಾವಿಗೆ ಮಣೆ ಹಾಕಿ, ಹಿಟ್ಟು ನಾದಿ, ಎಳೆ ಎಳೆದು ಕೋಲಿಗೆ ಹಾಕುತ್ತಿದ್ದರು. ನಾನು ಮೂಲೆಯಲ್ಲಿ ಅಕ್ಷರದ ಹಾಳೆ ಹಿಡಿದು ಒದರುತ್ತಿದ್ದೆ: "ಶೇಂಗಾ. ಶೇಂಗಾ. ಅಲಸಂದಿ. ಶೇಂಗಾ. ಕಡಲಿ." ಅಕ್ಕ ಒಂದು ಕಣ್ಣು ಶಾವಿಗೆಯ ಮೇಲಿಟ್ಟು ಪೋಣಿಸುತ್ತಿದ್ದಳು.

ಪಕ್ಕದ ಮನೆಯ ಆಯಿ ಮಣೆಯ ಮೇಲಿಂದಲೇ ಕೇಳಿದಳು, "ಮಾಸ್ತರ, ಈ ಸರಾ ಯಾರ ಕೊರಳಿಗೆ?"

"ಯೀಸ್ಟಿಗೆ, ಆಯಿ."

"ಯಾವೂರಾಕಿ?"

ಅಕ್ಕ ತಲೆ ಎತ್ತದೆ ಹೇಳಿದಳು, "ಧಾರವಾಡದಾಕಿ. ಇವಂಗ ಹುಚ್ಚ ಹಿಡಿಸ್ಯಾಳ."

ಹೆಂಗಸರು ನಕ್ಕ ನಗೆಗೆ ಎರಡು ಎಳೆ ಕಡಿದವು. ಅದಕ್ಕೂ ನನ್ನನ್ನೇ ಬೈದರು.

ಸರಗಳು ತಯಾರಾದವು. ನಡುಭಾಗದ್ದನ್ನು ಹಾಳೆಯ ಜೊತೆ ಎರಡು ಸಲ ತಾಳೆ ನೋಡಿದೆ. ಎಳೆದು ಹಿಡಿದರೆ ಅದೇ ಗೊಂದಲ: ಶೇಂಗಾ ಬಹಳ, ಆದರೆ ನಡುನಡುವೆ ಕಡಲೆ. ಗ್ರಾಫು ಹೇಳಿದ್ದನ್ನೇ ಕಾಳೂ ಹೇಳುತ್ತಿತ್ತು. ಅಕ್ಕ, "ಹಿಂಗ ಚೀಲದಾಗ ತುರುಕಿದ್ರ ಗಂಟು ಬೀಳ್ತೈತಿ," ಎಂದು ಹಿತ್ತಲಿನಿಂದ ಕಿರುಬೆರಳು ದಪ್ಪದ ಜೋಳದ ದಂಟು ತಂದು, ನಡುಭಾಗದ ಸರವನ್ನು ಅದಕ್ಕೆ ಒತ್ತಾಗಿ ಸುತ್ತಿ ಕೊಟ್ಟಳು.

ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿದೆ. ಒಂದು ಮಗ್ಗುಲಿಗೆ ಶೇಂಗಾದ ಪಟ್ಟಿ, ದಂಟಿನುದ್ದಕ್ಕೂ. ಇನ್ನೊಂದು ಮಗ್ಗುಲಿಗೆ ಬರೀ ಕಡಲೆ.

ಕೋಶದೊಳಗೆ ಪ್ರೋಟೀನಿನ ಸರ ಉದ್ದಕ್ಕೆ ಮಲಗಿರುವುದಿಲ್ಲ. ಬಹಳ ಕಡೆ ಸುರುಳಿ ಸುತ್ತಿಕೊಂಡಿರುತ್ತದೆ, ಒಂದು ಸುತ್ತಿಗೆ ಮೂರೂವರೆ ಮಣಿಗಿಂತ ಒಂದು ಎಳೆ ಹೆಚ್ಚು. ಹದಿನೆಂಟು ಮಣಿಗೆ ಐದು ಸುತ್ತು. ಇದನ್ನು ನಾನೇ ಪ್ರತಿ ವರ್ಷ ಹುಡುಗರಿಗೆ ಕಲಿಸುತ್ತಿದ್ದೆ, ಬೋರ್ಡಿನ ಮೇಲೆ ಸುರುಳಿ ಬರೆದು ತೋರಿಸುತ್ತಿದ್ದೆ. ಆದರೆ ಗ್ರಾಫ್ ಹಾಳೆಯ ಮುಂದೆ ಕೂತಾಗ ಸರವನ್ನು ಗೆರೆಯಂತೆ ನೆಟ್ಟಗೆ ಮಲಗಿಸಿ ಸರಾಸರಿ ತೆಗೆದೆ. ಸರಾಸರಿಗೆ ಮಗ್ಗುಲು ತಿಳಿಯುವುದಿಲ್ಲ.

ದಂಟಿನ ಮೇಲೆ ಎಣಿಸಿದೆ. ಹದಿನೆಂಟು ಕಾಳಿಗೆ ಐದು ಸುತ್ತಿಗೆ ಸ್ವಲ್ಪ ಕಡಿಮೆ. ಹಿತ್ತಲಿಗೆ ಹೋಗಿ ತುಸು ತೆಳ್ಳಗಿನ ದಂಟು ಆರಿಸಿ ತಂದು, ಐದು ಸುತ್ತು ಸರಿಯಾಗಿ ಕೂಡುವ ಹಾಗೆ ಮತ್ತೆ ಸುತ್ತಿದೆ. ಶೇಂಗಾದ ಪಟ್ಟಿ ಕದಲಲಿಲ್ಲ. ತಲೆಯ ಸರವನ್ನು ಇನ್ನೊಂದು ದಂಟಿಗೆ ಸುತ್ತಿದೆ. ಅದರಲ್ಲಿ ಸುತ್ತಲೂ ಶೇಂಗಾ, ಎತ್ತ ತಿರುಗಿಸಿದರೂ ಶೇಂಗಾ.

ಪೊರೆಯೊಳಗೆ ನೆಟ್ಟು ನಿಲ್ಲಬೇಕಾದರೆ ಎಲ್ಲ ಮಗ್ಗುಲಿಗೂ ಎಣ್ಣೆ ಬೇಕು, ಏಕೆಂದರೆ ಸುತ್ತಲೂ ಇರುವುದು ಎಣ್ಣೆಯೇ. ಒಂದೇ ಮಗ್ಗುಲಿನ ಎಣ್ಣೆ ಇದ್ದರೆ ಸರ ಆ ಮಗ್ಗುಲನ್ನು ತನ್ನ ಮೈಯೊಳಗೆ ಮಡಚಿಕೊಂಡು, ನೀರಿನ ಮಗ್ಗುಲನ್ನು ಹೊರಗೆ ಮಾಡಿ, ಪೊರೆ ದಾಟಿ ನಡೆದುಬಿಡಬಹುದು. ಹಾಗಾದರೆ ಹೊರಗೇ ಹುಡುಕಬೇಕು. ಖುಷಿಯಾಯಿತು, ಹಿಂದೆಯೇ ಹೆದರಿಕೆ ಬಂತು. ಒಂದು ದಂಟು ನಂಬಿ ಒಬ್ಬಳ ಸೀರಮ್ಮು ಖರ್ಚು ಮಾಡಿಸುವುದೇ?

ಗೊತ್ತಿದ್ದವನ್ನು ಸುತ್ತಿ ನೋಡಬೇಕು ಅಂದುಕೊಂಡೆ. ಕೆಂಪು ರಕ್ತಕಣದ ಪೊರೆಯಲ್ಲಿ ನೆಟ್ಟಿದೆಯೆಂದು ಎಲ್ಲರಿಗೂ ಗೊತ್ತಿದ್ದ ಪ್ರೋಟೀನಿನ ತುಂಡೊಂದರ ಅಕ್ಷರ ನನ್ನ ಹತ್ತಿರ ಇತ್ತು. ಸ್ನಾಯುವಿನಲ್ಲಿರುವ, ಪೊರೆಯ ಗೊಡವೆಯೇ ಇಲ್ಲದ ಇನ್ನೊಂದರದೂ ಇತ್ತು. ಶಾವಿಗೆ ಮುಗಿಸಿ ಕೈ ತೊಳೆದ ಹೆಂಗಸರಲ್ಲಿ ಇಬ್ಬರು ಸೂಜಿ ಹಿಡಿದರು. ಯಾವುದು ಯಾವುದೆಂದು ಅವರಿಗೆ ಹೇಳಲಿಲ್ಲ, ಬರೀ ಕಾಳಿನ ಹೆಸರು ಒದರಿದೆ. ಸುತ್ತಿದಾಗ ರಕ್ತಕಣದ್ದು ಸುತ್ತಲೂ ಶೇಂಗಾ. ಸ್ನಾಯುವಿನದು ಒಂದೇ ಮಗ್ಗುಲಿಗೆ.

"ಆತೇನ್ರಿ ಮಾಸ್ತರ?" ಅಂದಳು ಆಯಿ.

"ಆತು ಆಯಿ. ಹೊರಗ ಹೋಗ್ತಾಳ ಆಕಿ."

"ಹೋಗಲಿ ಬಿಡು. ಎಷ್ಟಂತ ಒಳಗ ಕುಂದ್ರತಾಳ."

ಕತ್ತರಿ ಎಲ್ಲಿ ಬೀಳುತ್ತದೆ ಎಂಬುದನ್ನೂ ಹೇಳಿಬಿಡೋಣ ಅನ್ನಿಸಿತು. ತಲೆ ಕತ್ತರಿಸುವ ಜಾಗದ ಹಿಂದೆ ಸಣ್ಣ ಮಣಿ, ಒಂದು ಬಿಟ್ಟು ಇನ್ನೊಂದು ಸಣ್ಣ ಮಣಿ ಇರುತ್ತದೆ ಎಂಬ ನಿಯಮವೊಂದು ಆಗಷ್ಟೇ ಬಳಕೆಗೆ ಬಂದಿತ್ತು. ತಲೆಯ ದಂಟಿನ ಮೇಲೆ ಅಲಸಂದಿ ನೋಡಿಕೊಂಡು ಒಂದು ಕೆಂಪು ದಾರ ಕಟ್ಟಿ, ಮೊದಲಿನಿಂದ ಎಣಿಸಿದೆ: ಇಪ್ಪತ್ತೆರಡನೆಯ ಕಾಳಿನ ನಂತರ ಕತ್ತರಿ.

ಒಣಗಿದರೆ ಕಾಳು ಸೀಳುತ್ತವೆಂದು ಅಕ್ಕ ದಂಟುಗಳನ್ನೆಲ್ಲ ಒದ್ದೆ ಅರಿವೆಯಲ್ಲಿ ಸುತ್ತಿ ಕೊಟ್ಟಳು. ಸೋಮವಾರ ಬೆಳಿಗ್ಗೆ ಶಿಗ್ಗಾಂವಿಗೆ ಹೋಗಿ, ಅಲ್ಲಿ ಹುಬ್ಬಳ್ಳಿ ಬಸ್ಸು ಹತ್ತಿದೆ. ಬಸ್ಸು ಕೆಡಲಿಲ್ಲ. ಮಧ್ಯಾಹ್ನ ಧಾರವಾಡದಲ್ಲಿ ಗೈಡಿನ ಮೇಜಿನ ಮೇಲೆ ಗಂಟು ಬಿಚ್ಚಿದರೆ ಕಡಲೆಗೆಲ್ಲ ಬಿಳಿ ಬಾಲ ಬಂದಿತ್ತು. ಮೇ ತಿಂಗಳ ಸೆಕೆ, ಒದ್ದೆ ಅರಿವೆ. ಮೊಳಕೆ ಒಡೆಯದೆ ಏನು ಮಾಡುತ್ತವೆ?

ಗೈಡು ಕನ್ನಡಕ ಏರಿಸಿದರು. "ಏನ್ರಿ ಇದು, ಪಲ್ಯಾಕ್ಕ ತಂದೀರೇನು?"

ನನ್ನ ಎಡಭುಜ ಚಳಕ್ ಎಂದಿತು. ಸುರುಳಿಯ ಮಾತು ಹೇಳತೊಡಗಿದೆ. ಅವರು ನಡುಭಾಗದ ದಂಟನ್ನು ಎತ್ತಿ, ಬೆಳಕಿಗೆ ಹಿಡಿದು, ನಿಧಾನ ತಿರುಗಿಸಿದರು. ಶೇಂಗಾ ಇನ್ನೂ ಮೊಳೆತಿರಲಿಲ್ಲ. ಒಂದು ಮಗ್ಗುಲು ಬೋಳು, ಇನ್ನೊಂದು ಮಗ್ಗುಲಿಗೆ ಗಡ್ಡ. ನಾನು ವಿವರಿಸುವ ಅಗತ್ಯವೇ ಉಳಿಯಲಿಲ್ಲ.

"ಯೀಸ್ಟಿನೊಳಗ ಇದು ನಿಮ್ಮ ದಂಟಿನ ಮ್ಯಾಲಿನಂಗ ಸುತ್ತಿಕೊಂಡಿರತೈತಿ ಅಂತ ಏನ್ ಗ್ಯಾರಂಟಿ?"

"ಗ್ಯಾರಂಟಿ ಇಲ್ರಿ," ಅಂದೆ. "ಗೊತ್ತಿದ್ದ ಎರಡು ಸುತ್ತಿ ನೋಡೇನಿ, ಎರಡೂ ಸರಿ ಹೇಳ್ಯಾವ. ಅಷ್ಟ."

"ಗ್ರಾಫು ಪೊರಿ ಅಂತೈತಿ. ಎಲ್ಲಾರೂ ಗ್ರಾಫನ್ನ ನಂಬತಾರ."

"ಹೌದ್ರಿ. ನನ್ನ ಗ್ರಾಫ ಅದು. ಅದನ್ನ ಬಿಟ್ಟು ಹೇಳಾಕತ್ತೇನಿ, ಹೊರಗ ಹುಡುಕ್ರಿ ಅಂತ."

ಬಾಗಿಲ ಹತ್ತಿರ ನಿಂತಿದ್ದ ಹಿರೇಕೆರೂರಿನ ಹುಡುಗಿ ಮುಂದೆ ಬಂದು ನಾಲ್ಕೂ ದಂಟುಗಳನ್ನು ಸಾಲಾಗಿ ಇಟ್ಟಳು. ಒಂದೊಂದನ್ನೂ ತಾನೇ ತಿರುಗಿಸಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಸರ್ರ, ನೀವು ಬಸ್ಸು ಕೆಡತೈತಿ, ಡಬ್ಬಿ ಸೋರತೈತಿ, ಎಲ್ಲಾ ಅಂತೀರಿ. ಇದರ ಮ್ಯಾಲೆ ನಿಮಗ ಎಷ್ಟು ಅನುಮಾನ ಐತಿ ಹೇಳ್ರಿ."

ಯೋಚಿಸಿದೆ. "ಬಸ್ಸಿಗಿಂತ ಕಡಿಮಿ."

"ಸಾಕು," ಅಂದಳು. ಗೈಡಿಗೆ ಹೇಳಿದಳು, "ಸೀರಮ್ ನಂದೈತ್ರಿ ಸರ್. ಹೊರಗಿನ ದ್ರಾವಣದಾಗ ಹಾಕ್ತೇನಿ."

ಗೈಡು ನಡುಭಾಗದ ದಂಟನ್ನು ತಮ್ಮ ಕಡೆ ಎಳೆದುಕೊಂಡರು. ಆಮೇಲೆ, "ಈ ದಂಟು ಇಲ್ಲೇ ಇರಲಿ," ಅಂದರು. ಕತ್ತರಿಯ ಜಾಗವನ್ನೂ ಹೇಳಿದೆ. ಅವಳು ಇಪ್ಪತ್ತೆರಡು ಎಂದು ಬರೆದುಕೊಂಡಳು.

ಮುಂದೆ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಯೀಸ್ಟಿಗೆ ವಿಕಿರಣದ ಗಂಧಕ ಉಣಿಸಿ, ದ್ರಾವಣದಲ್ಲಿ ಸೀರಮ್ಮಿನ ಗಾಳ ಹಾಕಿ, ಸಿಕ್ಕಿದ್ದನ್ನು ಉದ್ದಕ್ಕೆ ತಕ್ಕಂತೆ ಬೇರೆಯಾಗುವ ಹಾಗೆ ಜೆಲ್ಲಿನಲ್ಲಿ ಓಡಿಸಿ, ಆ ಜೆಲ್ಲನ್ನು ಎಕ್ಸರೇ ಫಿಲ್ಮಿಗೆ ಒತ್ತಿ ವಾರಗಟ್ಟಲೆ ಕತ್ತಲೆಯಲ್ಲಿ ಇಡಬೇಕು. ಮಧ್ಯದಲ್ಲಿ ತೆಗೆದು ನೋಡಿದರೆ ಕೆಟ್ಟಿತು. ನಾನು ಹಾನಗಲ್ಲಿಗೆ ಬಂದೆ. ಕಾಲೇಜು ಶುರುವಾಯಿತು. ಹುಡುಗರಿಗೆ ಸುರುಳಿಯ ಪಾಠ ಮಾಡುವಾಗ ಬೋರ್ಡಿನ ಮೇಲೆ ಮಗ್ಗುಲುಗಳನ್ನೂ ಗುರುತಿಸಿದೆ.

ಮಳೆ ಹಿಡಿದ ಮೇಲೆ ಒಂದು ದಿನ, ಹಿರೇಕೆರೂರಿಗೆ ಹೋಗುವ ಬಸ್ಸಿನಲ್ಲಿ ಬರುತ್ತೇನೆ, ಹಾನಗಲ್ ಸ್ಟ್ಯಾಂಡಿಗೆ ಬನ್ನಿರಿ ಎಂದು ಅವಳು ಹೇಳಿಕಳಿಸಿದಳು. ಊರಿಗೆ ಹೋಗುತ್ತಿದ್ದಾಳೆ ಅಂದರೆ ಸೋತು ಹೋಗುತ್ತಿದ್ದಾಳೆ ಎಂದೇ ನಾನು ಅರ್ಥ ಮಾಡಿಕೊಂಡೆ. ಸಮಾಧಾನದ ಮಾತು ಬಾಯಿಪಾಠ ಮಾಡಿಕೊಂಡು ಸ್ಟ್ಯಾಂಡಿನಲ್ಲಿ ನಿಂತೆ. ಬಸ್ಸು ಬಂತು. ಅವಳು ಕಿಟಕಿಯಿಂದ ಕೈ ಹೊರಗೆ ಹಾಕಿ ಒಂದು ಫಿಲ್ಮನ್ನು ಆಕಾಶಕ್ಕೆ ಹಿಡಿದಳು. ಮೋಡದ ಬೆಳಕಿನಲ್ಲಿ ಒಂದೇ ಒಂದು ಕಪ್ಪು ಪಟ್ಟಿ, ಶಾಯಿಯಲ್ಲಿ ಗೆರೆ ಎಳೆದಂತೆ.

"ಹೊರಗ, ಸರ್ರ. ಅಷ್ಟೂ ಹೊರಗ. ಉದ್ದ ಸ್ವಲ್ಪ ಕಡಿಮಿ ಐತಿ. ತಲಿ ಕತ್ತರಿಸೇತಿ."

"ನೀ ಊರಿಗೆ?"

"ಅಪ್ಪಗ ತೋರಸಾಕ. ಸೋಮವಾರ ವಾಪಸ್ ಬರ್ತೇನಿ. ಬರಿಯೂದು ಐತೆಲ್ಲ."

ಪಕ್ಕದ ಸೀಟಿನ ಮುದುಕ ಫಿಲ್ಮನ್ನು ಇಣುಕಿ ನೋಡಿ, "ಯಾರಿಗೆ ಎಲುಬು ಮುರದೈತಿ?" ಎಂದು ಕೇಳಿದ. "ಯಾರಿಗೂ ಇಲ್ಲ ಯಜ್ಜಾ," ಅಂದಳು ಅವಳು. ಬಸ್ಸು ಹೊರಟಿತು. ನನ್ನ ಸಮಾಧಾನದ ಮಾತು ಹಾಗೇ ಉಳಿಯಿತು.

ಅವಳ ಪ್ರಬಂಧ ಮುಗಿಯಿತು, ಮುಂದೆ ಪದವಿಯೂ ಬಂತು. ಕೊನೆಯ ಅಧ್ಯಾಯಕ್ಕೆ, ಹೊರಗೆ ಸಿಕ್ಕ ಪ್ರೋಟೀನು ಯಾವ ಮಣಿಯಿಂದ ಶುರುವಾಗುತ್ತದೆಂದು ಬೇರೆ ಕಡೆ ಓದಿಸಿ ತರಿಸಿದ್ದಳು. ಕತ್ತರಿ ಬಿದ್ದದ್ದು ಇಪ್ಪತ್ತೆರಡರ ನಂತರವಲ್ಲ, ಇಪ್ಪತ್ತಮೂರರ ನಂತರ. ಒಂದು ಮಣಿ ಆಚೀಚೆ ಆಗುವುದು ಸಹಜ ಅಂದರು ಗೈಡು. ನನಗೆ ಅದು ಸಹಜ ಅನ್ನಿಸಲಿಲ್ಲ. ಮೂಲ ಅಕ್ಷರಗಳನ್ನು ತೆಗೆದು ಎಣಿಸಿದೆ. ನಿಯಮದ ಪ್ರಕಾರ ಅಲ್ಲಿಯೂ ಇಪ್ಪತ್ತಮೂರೇ. ಅಕ್ಷರ ಸರಿ, ನಿಯಮ ಸರಿ, ಯೀಸ್ಟೂ ಸರಿ. ನನ್ನ ಸರದಲ್ಲಿ ಒಂದು ಕಾಳು ಕಡಿಮೆ ಇತ್ತು. ತಲೆಯ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲವೆಂದು ಆ ಸರವನ್ನು ನಾನು ತಾಳೆ ನೋಡಿರಲಿಲ್ಲ.

ದೀಪಾವಳಿಗೆ ಸವಣೂರಿಗೆ ಹೋದಾಗ ಅಕ್ಕನಿಗೆ ಎಲ್ಲ ಹೇಳಿದೆ: ಹುಡುಗಿ ಗೆದ್ದದ್ದು, ಗೈಡು ದಂಟನ್ನು ಕಪಾಟಿನಲ್ಲಿ ಇಟ್ಟುಕೊಂಡದ್ದು, ಕೊನೆಗೆ ಈ ಒಂದು ಕಾಳಿನ ಕೊರತೆ. ನಾನು ಓದುವಾಗ ಒಂದು ಹಾರಿಸಿದೆನೇನೋ, ವಯಸ್ಸಾಯಿತು, ಕಣ್ಣು ತೋರಿಸಬೇಕು ಅಂದೆ.

ಅಕ್ಕ ಬುಟ್ಟಿಯ ಕಡೆ ನೋಡುತ್ತ ಹೂವು ಬಿಡಿಸುತ್ತಿದ್ದಳು.

"ನೀ ಸರಿಯಾಗೇ ಓದೀದಿ," ಅಂದಳು. "ಒಂದು ಶೇಂಗಾ ಚುಚ್ಚೂವಾಗ ಎರಡು ಬ್ಯಾಳಿ ಆತು. ಚೆಲ್ಲಾಕ ಮನಸ್ಸಾಗಲಿಲ್ಲ, ಬಾಯಾಗ ಹಾಕ್ಕೊಂಡೆ. ಇನ್ನೊಂದು ತಗೋಬೇಕನ್ನೂದ್ರಾಗ ನೀ ಮುಂದಿಂದು ಒದರಿದಿ."